ರಾತ್ರಿ ಎಷ್ಟು ಸಲ ಲದ್ದಿ ಹಾಕಿತು?

(ಹೆಸರಘಟ್ಟದ ಹತ್ತಿರದ ಒಂದು ತೋಟದಲ್ಲಿ, ಹೊಸದಾಗಿ ಕುದುರೆ ಕೊಂಡವರು ಮತ್ತು ಕೊಳ್ಳಬೇಕೆಂದಿರುವವರು ಸೇರಿದ್ದ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ದನ ಇತ್ತು? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ದೊಡ್ಡಬಳ್ಳಾಪುರದ ಕಡೆ ನಮ್ಮಜ್ಜಿ ಮನೆಯ ಕೊಟ್ಟಿಗೆಯಲ್ಲೂ ನಾಲ್ಕು ಹಸು, ಒಂದು ಜೊತೆ ಎತ್ತು ಇದ್ದವು. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು, ಮೆಲುಕು ನಿಂತರೆ ಯಾರನ್ನು ಕರೆಯಬೇಕು ಅನ್ನುವುದು ಹತ್ತು ವರ್ಷಕ್ಕೇ ನನಗೆ ಗೊತ್ತಿತ್ತು. ಆ ಧೈರ್ಯದ ಮೇಲೇ ನಾನು ಕುದುರೆ ತಂದದ್ದು. ಕುದುರೆಯ ಹೊಟ್ಟೆಗೂ ಹಸುವಿನ ಹೊಟ್ಟೆಗೂ ಸಂಬಂಧವೇ ಇಲ್ಲ ಅಂತ ನನಗೆ ಅರ್ಥವಾದದ್ದು 2024ರ ಮಾರ್ಚ್ ತಿಂಗಳ ಒಂದು ರಾತ್ರಿ. ಆ ರಾತ್ರಿಯಿಂದಲೇ ಕುದುರೆಯ ಹೊಟ್ಟೆನೋವಿನ, ಅಂದರೆ ಶೂಲೆಯ, ಮಾತು ಶುರುಮಾಡುತ್ತೇನೆ.

ಗೌರಿ ರೇಸಿನಲ್ಲಿ ಓಡಿ ನಿವೃತ್ತಳಾದ ಥರೋಬ್ರೆಡ್ ತಳಿಯ ಹೆಣ್ಣು ಕುದುರೆ. ನನ್ನ ಹತ್ತಿರ ಬಂದಾಗ ಏಳು ವರ್ಷ, ತೂಕ ಸುಮಾರು 460 ಕೆಜಿ. ಅಲ್ಲಿ ದಿನವೂ ಬೆಳಗ್ಗೆ ಓಡಿ ಬೆವರುತ್ತಿದ್ದವಳು ನಮ್ಮಲ್ಲಿಗೆ ಬಂದ ಮೇಲೆ ದಿನದ ಹೆಚ್ಚು ಹೊತ್ತು ಲಾಯದಲ್ಲೇ ನಿಂತಿರುತ್ತಿದ್ದಳು. ವಿಶ್ರಾಂತಿ ಸಿಗಲಿ ಅಂತ ನಾನೇ ಹಾಗೆ ಇಟ್ಟಿದ್ದೆ.

ಆ ಬೇಸಿಗೆ ನಿಮಗೆಲ್ಲ ನೆನಪಿದೆ. ಊರಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತುತ್ತಾ ಬಂದವು, ಟ್ಯಾಂಕರ್‌ಗೆ ಕಾಯುವುದೇ ಒಂದು ಕೆಲಸವಾಯಿತು. ನಮ್ಮ ಬೋರ್‌ವೆಲ್ ಮಾರ್ಚ್ ಮೊದಲ ವಾರ ಕೈಕೊಟ್ಟಿತು. ಟ್ಯಾಂಕರ್ ಬಂತು, ಸಂಪು ತುಂಬಿತು, ತೊಟ್ಟಿ ತುಂಬಿತು, ನನಗೆ ಸಮಾಧಾನವಾಯಿತು. ಗೌರಿ ಮಾತ್ರ ತೊಟ್ಟಿಗೆ ಮೂತಿ ಇಟ್ಟು, ತುಟಿ ಒದ್ದೆ ಮಾಡಿಕೊಂಡು, ತಲೆ ಎತ್ತಿಬಿಡುತ್ತಿದ್ದಳು. ನಾನದನ್ನು ಕಣ್ಣಾರೆ ಕಂಡಿದ್ದೆ. ಕಂಡರೂ ಅದರ ಅರ್ಥ ಹೊಳೆಯಲಿಲ್ಲ. ಹಸಿರು ಹುಲ್ಲು ಸಿಗದೆ ಅದೇ ವಾರ ರಾಗಿ ಹುಲ್ಲು ಹಾಕಲು ಶುರುಮಾಡಿದ್ದೆವು. ದನಕ್ಕೆ ಆಗುತ್ತದೆ, ಇವಳಿಗೂ ಆಗುತ್ತದೆ ಅಂದುಕೊಂಡೆ.

ಮೂರನೆಯ ದಿನ ರಾತ್ರಿ ಒಂಬತ್ತೂವರೆಗೆ ನೋಡಿದರೆ ಹುರುಳಿ ಹಾಗೇ ಉಳಿದಿತ್ತು. ಉಚ್ಚೆ ಹೊಯ್ಯುವವಳ ಹಾಗೆ ಕಾಲು ಚಾಚಿ ನಿಂತಿದ್ದಳು, ಉಚ್ಚೆ ಬರುತ್ತಿರಲಿಲ್ಲ. ಆಗಾಗ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುವಳು. ಮೇಲ್ದುಟಿ ಮಡಚಿ ಮೂಗಿನ ಕಡೆ ಎತ್ತುವಳು. ಮುಂಗಾಲಿನಿಂದ ನೆಲ ಕೆರೆಯುವಳು. ಸೆಕೆಗೆ ಹೀಗಾಡುತ್ತಿದ್ದಾಳೆ ಅಂತ ಒಂದು ಗಂಟೆ ಕಳೆದೆ. ಆ ಒಂದು ಗಂಟೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಹನ್ನೊಂದರ ಹೊತ್ತಿಗೆ ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ಕುತ್ತಿಗೆಯ ಮೇಲೆ ಬೆವರು.

ನಮ್ಮ ಲಾಯದಲ್ಲಿ ಒಬ್ಬ ಹಿರಿಯ ಸೈಸ್ ಇದ್ದಾರೆ. ರೇಸ್‌ಕೋರ್ಸಿನಲ್ಲಿ ಬಹಳ ವರ್ಷ ಕುದುರೆ ನೋಡಿಕೊಂಡವರು. ನಾವೆಲ್ಲ ಚಾಚಾ ಅನ್ನುತ್ತೇವೆ. ಅವರನ್ನು ಎಬ್ಬಿಸಿದೆ. ಬಂದವರು ಕುದುರೆಯ ಮುಖ ನೋಡಲಿಲ್ಲ, ನೆಲ ನೋಡಿದರು. "ಮೇಡಂ, ಬೆಳಗ್ಗೆಯಿಂದ ಎಷ್ಟು ಸಲ ಲದ್ದಿ ಹಾಕಿದೆ?"

ನನಗೆ ಗೊತ್ತಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಕೇಳಿದರು. ಜೊತೆಗೆ ಎದೆ ಬಡಿತ ಎಷ್ಟು, ಒಸಡು ಯಾವ ಬಣ್ಣ, ನೀರು ಎಷ್ಟು ಕುಡಿದಿದೆ ಅಂದರು. ನನ್ನಲ್ಲಿ ಇದ್ದದ್ದು ಒಂದೇ ಮಾತು: "ಹೊಟ್ಟೆ ನೋವು ಅನ್ಸುತ್ತೆ ಡಾಕ್ಟ್ರೇ, ಬೇಗ ಬನ್ನಿ." ನಾಲ್ಕು ತಿಂಗಳಿಂದ ದಿನಾ ಮೈ ತಿಕ್ಕುತ್ತಿದ್ದ ಪ್ರಾಣಿಯ ಬಗ್ಗೆ ನನಗೆ ಒಂದು ಅಂಕಿಯೂ ಗೊತ್ತಿರಲಿಲ್ಲ. ಇವತ್ತು ನಾನು ಇಲ್ಲಿ ನಿಂತಿರುವುದು ನಿಮಗೆ ಆ ಸ್ಥಿತಿ ಬರಬಾರದು ಅಂತ. ನಾನು ಡಾಕ್ಟರಲ್ಲ, ನಿಮ್ಮ ಹಾಗೆ ಕುದುರೆ ಸಾಕುವವಳು. ಔಷಧಿ ಹೇಳಿಕೊಡುವುದು ನನ್ನ ಕೆಲಸ ಅಲ್ಲ. ಔಷಧಿ ಬರುವವರೆಗೆ ಏನು ನೋಡಬೇಕು, ಏನು ಮಾಡಬಾರದು ಅನ್ನುವುದಷ್ಟೇ ನನ್ನ ಮಾತು.

ಈಗ ಹೊಟ್ಟೆಯ ಒಳಗೆ ಹೋಗೋಣ. ಇದು ಅರ್ಥವಾದರೆ ಉಳಿದದ್ದನ್ನು ನೀವೇ ಊಹಿಸಬಹುದು.

ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಹುಲ್ಲು ಮೊದಲು ಮುಂದಿನ ದೊಡ್ಡ ಚೀಲದಲ್ಲಿ ಕೊಳೆಯುತ್ತದೆ, ಮೆಲುಕಿಗೆ ಮತ್ತೆ ಬಾಯಿಗೆ ಬರುತ್ತದೆ, ಗಾಳಿ ತೇಗಿನಲ್ಲಿ ಹೊರಗೆ ಹೋಗುತ್ತದೆ. ಕುದುರೆಯಲ್ಲಿ ಎಲ್ಲ ತಿರುವುಮುರುವು. ಅರ್ಧ ಟನ್ ಹತ್ತಿರದ ಪ್ರಾಣಿಗೆ ಜಠರ ಹಿಡಿಯುವುದು 8ರಿಂದ 15 ಲೀಟರ್ ಮಾತ್ರ. ಮನೆಗೆ ಬರುವ ಕುಡಿಯುವ ನೀರಿನ ಕ್ಯಾನ್ ಇದೆಯಲ್ಲ, ಅದು 20 ಲೀಟರ್. ಅದಕ್ಕಿಂತ ಚಿಕ್ಕದು. ಅನ್ನನಾಳ ಜಠರಕ್ಕೆ ಸೇರುವ ಕಡೆ ಇರುವ ಸ್ನಾಯುವಿನ ಬಳೆ ಎಷ್ಟು ಬಿಗಿ ಅಂದರೆ, ಒಳಗೆ ಹೋದದ್ದು ಆ ದಾರಿಯಲ್ಲಿ ವಾಪಸ್ ಬರುವುದಿಲ್ಲ. ಕುದುರೆಗೆ ವಾಂತಿ ಆಗುವುದಿಲ್ಲ. ಮುಂದೆ ದಾರಿ ಕಟ್ಟಿದರೆ ಹಿಂದಿನಿಂದ ನೀರು, ಗಾಳಿ ತುಂಬಿ ತುಂಬಿ ಜಠರ ಹಿಗ್ಗುತ್ತದೆ, ಕೊನೆಗೆ ಒಡೆದೇ ಹೋಗಬಹುದು. ಈ ಒಂದು ವಿಷಯ ಗೊತ್ತಾದ ದಿನದಿಂದ ನಾನು ಯಾರಿಗೂ ಕುದುರೆಯ ಬಾಯಿಗೆ ಏನನ್ನೂ ಸುರಿಯಲು ಬಿಟ್ಟಿಲ್ಲ.

ಜಠರದ ನಂತರ 20 ಮೀಟರ್‌ಗಿಂತ ಉದ್ದದ ಸಣ್ಣ ಕರುಳು. ಆಮೇಲೆ ಬರುತ್ತದೆ ಹುಲ್ಲು ಕೊಳೆಯುವ ಜಾಗ: ಬಲಪಕ್ಕೆಯ ಕಡೆ ಸುಮಾರು 30 ಲೀಟರ್ ಹಿಡಿಯುವ ಕುರುಡು ಚೀಲ, ಅದರಾಚೆ 80 ಲೀಟರ್ ಹತ್ತಿರ ಹಿಡಿಯುವ ದೊಡ್ಡ ಕರುಳು. ನಾಲ್ಕು ಕ್ಯಾನಿನಷ್ಟು. ಇಲ್ಲಿರುವ ಸೂಕ್ಷ್ಮ ಜೀವಿಗಳೇ ಹುಲ್ಲನ್ನು ಕುದುರೆಗೆ ಅನ್ನ ಮಾಡಿಕೊಡುವುದು. ಈ ದೊಡ್ಡ ಕರುಳಿನ ಎಡಭಾಗಕ್ಕೆ ಮೈಗೋಡೆಯ ಹಿಡಿತ ಇಲ್ಲ, ತೇಲಾಡುತ್ತಿರುತ್ತದೆ. ಗಾಳಿ ತುಂಬಿದರೆ ಜಾಗ ಬಿಟ್ಟು ಸರಿಯಬಹುದು, ಮುರುಚಿಕೊಳ್ಳಲೂಬಹುದು. ಸಾಲದ್ದಕ್ಕೆ ಸೊಂಟದ ಮೂಳೆಯ ಹತ್ತಿರ ಅದು ಒಮ್ಮೆಲೇ ಹಿಂದಕ್ಕೆ ತಿರುಗುತ್ತದೆ, ತಿರುಗುವಲ್ಲೇ ಕಿರಿದಾಗುತ್ತದೆ. ಹೆಬ್ಬಾಳದ ಫ್ಲೈಓವರ್ ಹತ್ತಿರ ನಾಲ್ಕು ಕಡೆಯ ವಾಹನ ಬಂದು ಒಂದು ಕಿರಿದಾರಿಗೆ ನುಗ್ಗುವುದನ್ನು ನೆನಪಿಸಿಕೊಳ್ಳಿ. ಹುಲ್ಲು ನೆನೆದು ಮೆತ್ತಗಿದ್ದರೆ ಸರಾಗವಾಗಿ ಹೋಗುತ್ತದೆ. ನೀರು ಸಾಲದೆ ಗಟ್ಟಿಯಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗೌರಿಗೆ ಆದದ್ದು ಇದೇ. ನೀರು ಕಡಿಮೆ, ಒಣ ರಾಗಿ ಹುಲ್ಲು, ಓಡಾಟ ಇಲ್ಲ. ಮೂರೂ ಒಂದೇ ವಾರದಲ್ಲಿ ಕೂಡಿ ಬಂದವು, ಮೂರೂ ನಮ್ಮ ಕೈಯಿಂದಲೇ.

ಶೂಲೆ ಅನ್ನುವುದು ಒಂದು ರೋಗದ ಹೆಸರಲ್ಲ, ಹೊಟ್ಟೆಯಲ್ಲಿ ನೋವಿದೆ ಅನ್ನುವ ಸೂಚನೆ. ಗಾಳಿ ತುಂಬಿದರೂ ಶೂಲೆ, ಕರುಳು ಹಿಂಡಿದರೂ ಶೂಲೆ, ಕಟ್ಟಿಕೊಂಡರೂ, ಮುರುಚಿಕೊಂಡರೂ, ಹುಳುವಾದರೂ, ಮಣ್ಣು ತುಂಬಿದರೂ ಶೂಲೆಯೇ. ಹೆಚ್ಚಿನವು ಔಷಧಿಯಲ್ಲೇ ವಾಸಿಯಾಗುತ್ತವೆ. ಕೆಲವು ಮಾತ್ರ ಶಸ್ತ್ರಚಿಕಿತ್ಸೆ ಆಗದೆ ಉಳಿಯುವುದಿಲ್ಲ. ಕಷ್ಟ ಏನೆಂದರೆ, ಮೊದಲ ಅರ್ಧ ಗಂಟೆಯಲ್ಲಿ ಎರಡೂ ನೋಡಲು ಒಂದೇ ಥರ ಇರುತ್ತವೆ. ಅದಕ್ಕೇ ಅಂಕಿಗಳು ಬೇಕು.

ಆ ರಾತ್ರಿ ಡಾಕ್ಟರು ಊರಿನ ಆ ತುದಿಯಿಂದ ಬರಬೇಕಿತ್ತು. ನಡುರಾತ್ರಿಯಾದ್ದರಿಂದ ಮುಕ್ಕಾಲು ಗಂಟೆಗೆ ಬಂದರು. ಇದೇ ಸಂಜೆ ಏಳು ಗಂಟೆಗೆ ಆಗಿದ್ದರೆ ಎಷ್ಟು ಹೊತ್ತಾಗುತ್ತಿತ್ತು ಅಂತ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಆ ಕಾಯುವ ಹೊತ್ತು ನಿಮ್ಮದು. ಕೈಕಾಲು ಆಡದೆ ನಿಲ್ಲುವ ಬದಲು ಮಾಡುವಂಥದ್ದು ಬೇಕಾದಷ್ಟಿದೆ.

ಮೊದಲು ಮುಂದಿರುವ ಹುಲ್ಲು, ಕಾಳು ಎಲ್ಲ ತೆಗೆಯಿರಿ. ನೀರು ಇರಲಿ. ಆಮೇಲೆ ಎದೆ ಬಡಿತ. ಎಡ ಮುಂಗಾಲಿನ ಮೊಣಕೈಯ ಹಿಂದೆ ಸ್ಟೆತಸ್ಕೋಪ್ ಇಡಿ. ಲಬ್ ಡಬ್ ಅಂತ ಎರಡು ಸದ್ದು ಕೇಳುತ್ತದೆ, ಎರಡೂ ಸೇರಿ ಒಂದು ಬಡಿತ. ಹೊಸಬರು ಎರಡನ್ನೂ ಎಣಿಸಿ ಗಾಬರಿಯಾಗುತ್ತಾರೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು. 60 ದಾಟಿದರೆ ಡಾಕ್ಟರಿಗೆ ಮತ್ತೆ ಫೋನ್ ಮಾಡಿ ಆ ಅಂಕಿಯನ್ನೇ ಹೇಳಿ. 80 ದಾಟಿ ಇಳಿಯದೇ ಇದ್ದರೆ ಪರಿಸ್ಥಿತಿ ಗಂಭೀರ. ಸ್ಟೆತಸ್ಕೋಪ್ ಇಲ್ಲದಿದ್ದರೆ ದವಡೆ ಮೂಳೆಯ ಕೆಳ ಅಂಚಿನ ಒಳಗಡೆ ಬೆರಳಿಡಿ, ದಾರದ ಹಾಗೆ ಒಂದು ನಾಡಿ ಜಾರುತ್ತದೆ.

ಮೇಲ್ದುಟಿ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ, ಒದ್ದೆ ಒದ್ದೆ ಇರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಬರಬೇಕು. ಬೆರಳಿಗೆ ಅಂಟಂಟಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಇಟ್ಟಿಗೆ ಕೆಂಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಕರುಳಿನ ವಿಷ ರಕ್ತಕ್ಕೆ ಸೇರುತ್ತಿದೆ ಅಂತ ಅರ್ಥ. ಗುದದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಪಕ್ಕಕ್ಕೆ ನಿಂತು, ಥರ್ಮಾಮೀಟರಿಗೆ ಒಂದು ದಾರ ಕಟ್ಟಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ.

ಇನ್ನು ಹೊಟ್ಟೆಯ ಸದ್ದು. ಇದು ನನಗೆ ಬಹಳ ಇಷ್ಟವಾದ ಪಾಠ. ಬಲಗಡೆ ಕೊನೆಯ ಪಕ್ಕೆಲುಬಿನ ಹಿಂದೆ, ಮೇಲ್ಭಾಗದಲ್ಲಿ ಒಂದು ಗುಳಿ ಇರುತ್ತದೆ. ಅಲ್ಲಿ ಸ್ಟೆತಸ್ಕೋಪ್ ಇಟ್ಟು ಎರಡು ಮೂರು ನಿಮಿಷ ಅಲುಗಾಡದೆ ನಿಲ್ಲಿ. ಮೊದಲು ಸಣ್ಣ ಗುಳುಗುಳು. ಆಮೇಲೆ ಎಲ್ಲೋ ದೂರದಿಂದ ಶುರುವಾಗಿ, ಹತ್ತಿರವಾಗುತ್ತಾ ಬಂದು, ಟ್ಯಾಂಕರಿನ ಪೈಪಿನಿಂದ ಸಂಪಿನೊಳಗೆ ನೀರು ಧುಮುಕಿದ ಹಾಗೆ ದೊಡ್ಡದೊಂದು ಸದ್ದು ಬರುತ್ತದೆ. ಕುರುಡು ಚೀಲ ತನ್ನೊಳಗಿನದನ್ನು ಮುಂದಕ್ಕೆ ತಳ್ಳುವ ಸದ್ದು ಅದು. ಎಡಗಡೆಯೂ ಮೇಲೆ, ಕೆಳಗೆ ಕೇಳಿ. ಆ ರಾತ್ರಿ ಗೌರಿಯ ಎಡ ಕೆಳಭಾಗದಲ್ಲಿ ಡಾಕ್ಟರು ನನ್ನ ಕಿವಿಗೆ ಸ್ಟೆತಸ್ಕೋಪ್ ಕೊಟ್ಟರು. ಏನೂ ಕೇಳಲಿಲ್ಲ. ಪೂರ್ತಿ ನಿಶ್ಶಬ್ದ. ಹೊಟ್ಟೆ ಗುಡುಗುಡು ಅಂದರೆ ತೊಂದರೆ ಅಂದುಕೊಂಡು ಬೆಳೆದವಳಿಗೆ ಆ ಮೌನದಷ್ಟು ಭಯ ಇನ್ನಾವುದೂ ಹುಟ್ಟಿಸಿಲ್ಲ.

ಈಗ ಮಾಡಬಾರದ್ದು. ನಾನು ಫೋನಿನಲ್ಲಿದ್ದಾಗಲೇ ಗಲಾಟೆ ಕೇಳಿ ಪಕ್ಕದ ತೋಟದ ಗೌಡರು ಓಡಿ ಬಂದಿದ್ದರು. ಕೈಯಲ್ಲಿ ದನದ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಗೊಟ್ಟ, ಬಟ್ಟಲಲ್ಲಿ ಓಮ, ಇಂಗು ಅರೆದು ಹಾಕಿದ ಎಣ್ಣೆ. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಬಂದ ಮನುಷ್ಯ, ಅವರ ಪ್ರೀತಿಗೆ ನಾನು ಕೈಮುಗಿಯುತ್ತೇನೆ. ಚಾಚಾ ಅಡ್ಡ ನಿಂತರು. "ಗೌಡ್ರೇ, ಇದು ದನ ಅಲ್ಲ. ಗೊಟ್ಟ ಬೇಡ." ದನಕ್ಕೆ ಗೊಟ್ಟ ಹಾಕಿ ಬದುಕಿಸಿದ ಊರುಗಳು ನಮ್ಮವು, ಆ ತಿಳುವಳಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ನೋವಿನಲ್ಲಿ ತಲೆ ಒದರುವ ಕುದುರೆಗೆ ಗೊಟ್ಟ ಹಾಕಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಜಠರ ಮೊದಲೇ ತುಂಬಿದ್ದರೆ ಇನ್ನಷ್ಟು ತುಂಬಿಸಿದ ಹಾಗಾಗುತ್ತದೆ. ಡಾಕ್ಟರೂ ಎಣ್ಣೆ ಹಾಕುವುದುಂಟು, ಮೂಗಿನಿಂದ ಜಠರದವರೆಗೆ ಕೊಳವೆ ಇಳಿಸಿ, ಒಳಗೆ ಏನಿದೆ ಅಂತ ಮೊದಲು ನೋಡಿದ ಮೇಲೆ.

ನೋವಿನ ಇಂಜೆಕ್ಷನ್ ವಿಷಯ. ಯಾರದೋ ಲಾಯದಲ್ಲಿ ಉಳಿದ ಫ್ಲೂನಿಕ್ಸಿನ್ ಬಾಟಲಿ ಇರುತ್ತದೆ, ಕೊಟ್ಟುಬಿಡೋಣ ಅನ್ನಿಸುತ್ತದೆ. ಡಾಕ್ಟರು ಹೇಳದೆ ಕೊಡಬೇಡಿ. ಅದು ನೋವನ್ನು ಮುಚ್ಚುತ್ತದೆ, ಕರುಳು ಮುರುಚಿದ್ದನ್ನು ಬಿಡಿಸುವುದಿಲ್ಲ. ಕುದುರೆ ಆರಾಮಾಗಿ ಕಾಣುತ್ತದೆ, ನೀವು ಡಾಕ್ಟರಿಗೆ ಬರುವುದು ಬೇಡ ಅನ್ನುತ್ತೀರಿ, ಒಳಗೆ ಹೊತ್ತು ಮೀರಿಹೋಗುತ್ತದೆ. ಆ ಔಷಧಿಯನ್ನು ಮಾಂಸಖಂಡಕ್ಕೆ ಚುಚ್ಚಿದರೆ ಕೆಲವು ಕುದುರೆಗಳಲ್ಲಿ ಆ ಜಾಗ ಕೊಳೆತು ಪ್ರಾಣಕ್ಕೇ ಬರುತ್ತದೆ. ಇನ್ನೊಂದು ಮಾತು ನೆನಪಿಡಿ. ಬಹಳ ಹೊತ್ತು ಹೊರಳಾಡಿದ ಕುದುರೆ ಏಕಾಏಕಿ ಸುಮ್ಮನಾಗಿ, ತಣ್ಣನೆ ಬೆವರಿ, ಮಂಕಾಗಿ ನಿಂತರೆ ವಾಸಿಯಾಯಿತು ಅಂತ ಸಂತೋಷಪಡಬೇಡಿ. ಒಳಗೆ ಒಡೆದಿರಬಹುದು.

ನಡೆಸಬೇಕೋ ಬೇಡವೋ ಅಂತ ಎಲ್ಲರೂ ಕೇಳುತ್ತಾರೆ. ಹಳೆಯ ಸೈಸ್‌ಗಳು ರಾತ್ರಿಯಿಡೀ ನಡೆಸುತ್ತಿದ್ದರು. ನಮ್ಮ ಡಾಕ್ಟರು ಹೇಳಿದ್ದು, ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆಸಿದರೆ ಗಾಳಿ ಸರಿಯಲು ಒಳ್ಳೆಯದು, ಗಂಟೆಗಟ್ಟಲೆ ನಡೆಸಿದರೆ ಇರುವ ಶಕ್ತಿಯೂ ಹೋಗುತ್ತದೆ. ಸುಮ್ಮನೆ ಮಲಗಿದ್ದರೆ ಮಲಗಲು ಬಿಡಿ. ಜೋರಾಗಿ ಹೊರಳುತ್ತಿದ್ದರೆ ಗೋಡೆ ಇಲ್ಲದ ಮೆತ್ತನೆ ಜಾಗಕ್ಕೆ ಕರೆತನ್ನಿ, ನೀವು ದೂರ ಇರಿ. ನೋವಿನಲ್ಲಿರುವ ಕುದುರೆಗೆ ನೀವು ಕಾಣುವುದಿಲ್ಲ, ಅದರ ಕಾಲಡಿ ಸಿಕ್ಕರೆ ನಿಮ್ಮ ಮೂಳೆ ಉಳಿಯುವುದಿಲ್ಲ.

ಡಾಕ್ಟರು ಬಂದು ನೋಡಿದಾಗ ಗೌರಿಯ ಎದೆ ಬಡಿತ 52. ಕೊಳವೆ ಇಳಿಸಿದರು, ಏನೂ ಉಕ್ಕಿ ಬರಲಿಲ್ಲ. ಅದು ಒಳ್ಳೆಯ ಸುದ್ದಿ. ಭುಜದವರೆಗೆ ಕೈಗವಸು ಹಾಕಿ ಗುದದಿಂದ ಕೈ ಒಳಗೆ ಬಿಟ್ಟು ಮುಟ್ಟಿ ನೋಡಿ, "ತಿರುವಿನಲ್ಲಿ ಕಟ್ಟಿದೆ, ಹಿಟ್ಟಿನ ಮುದ್ದೆ ಥರ ಸಿಗ್ತಿದೆ" ಅಂದರು. ನೋವಿಗೆ ಇಂಜೆಕ್ಷನ್, ಕೊಳವೆಯಲ್ಲಿ ನೀರು, ಎಪ್ಸಂ ಸಾಲ್ಟ್. ಬೆಳಗ್ಗೆ ಮತ್ತೊಮ್ಮೆ, ಮಧ್ಯಾಹ್ನ ಇನ್ನೊಮ್ಮೆ. ಹುಲ್ಲು ಒಂದು ಎಳೆಯೂ ಇಲ್ಲ. ಚಾಚಾ ಮತ್ತು ನಾನು ಸರದಿಯಲ್ಲಿ ಕೂತೆವು. ಮರುದಿನ ಸಂಜೆ ಏಳರ ಹೊತ್ತಿಗೆ ಬಾಲ ಎತ್ತಿದಳು. ಮೂರು ಉಂಡೆ ಬಿತ್ತು. ಚಿಕ್ಕವು, ಕಪ್ಪಗೆ, ಗಟ್ಟಿ, ಮೇಲೆ ಲೋಳೆಯ ಹೊಳಪು. ಚಾಚಾ ಒಂದನ್ನು ಕೈಯಲ್ಲಿ ಹಿಡಿದು ಮುರಿದು ತೋರಿಸಿದರು: ಒಳಗೆ ಬೆರಳುದ್ದದ ರಾಗಿ ಹುಲ್ಲಿನ ಎಳೆಗಳು, ಅಗಿಯದೇ ನುಂಗಿದ್ದು. ಅಂದರೆ ಹಲ್ಲಿನ ತೊಂದರೆಯೂ ಇತ್ತು. ಕುದುರೆಯ ದವಡೆ ಹಲ್ಲು ಬೆಳೆಯುತ್ತಲೇ ಸವೆಯುತ್ತದೆ, ಸವೆಯದ ಅಂಚು ಚಾಕುವಿನಂತೆ ಚೂಪಾಗಿ ಕೆನ್ನೆಗೆ ಚುಚ್ಚುತ್ತದೆ. ವರ್ಷಕ್ಕೊಮ್ಮೆಯಾದರೂ ಡಾಕ್ಟರಿಂದ ಉಜ್ಜಿಸಬೇಕು. ಅದೂ ನನಗೆ ಗೊತ್ತಿರಲಿಲ್ಲ.

ಆ ವಾರವೇ ಲಾಯದ ಬಾಗಿಲ ಹಿಂದೆ ಒಂದು ಸ್ಲೇಟು ನೇತುಹಾಕಿದೆ. ಈಗಲೂ ಇದೆ, ಆಮೇಲೆ ನೋಡುವಿರಂತೆ. ಮೂರೇ ಸಾಲು: ನೀರು, ಲದ್ದಿ, ತಿನ್ನದೆ ಉಳಿಸಿದ್ದು. ಗೌರಿ ದಿನಕ್ಕೆ ಹತ್ತು ಹನ್ನೊಂದು ಸಲ ಲದ್ದಿ ಹಾಕುತ್ತಾಳೆ, ರಾತ್ರಿಯ ಪಾಲು ನಾಲ್ಕೈದು. ಬೆಳಗ್ಗೆ ಎರಡೇ ಇದ್ದರೆ ಅವತ್ತು ನನ್ನ ಆಫೀಸಿನ ಕೆಲಸ ಎಷ್ಟೇ ಇರಲಿ, ಮಧ್ಯಾಹ್ನ ಒಮ್ಮೆ ಬಂದು ನೋಡುತ್ತೇನೆ. ನಿಮ್ಮ ಕುದುರೆಯ ಲೆಕ್ಕ ಬೇರೆ ಇರಬಹುದು. ಆರೋಗ್ಯವಾಗಿರುವಾಗ ಒಂದು ವಾರ ಬರೆದಿಟ್ಟರೆ ಅದರ ನಿತ್ಯ ಏನು ಅಂತ ಸಿಗುತ್ತದೆ. ನಿತ್ಯ ಗೊತ್ತಿಲ್ಲದವರಿಗೆ ವ್ಯತ್ಯಾಸ ಕಾಣುವುದು ಕುದುರೆ ನೆಲಕ್ಕೆ ಬಿದ್ದ ಮೇಲೆ.

ನೀರನ್ನು ತೊಟ್ಟಿಯ ಜೊತೆ ಬಕೆಟ್‌ನಲ್ಲೂ ಇಡಿ. ತೊಟ್ಟಿ ಎಷ್ಟು ಖಾಲಿಯಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಬಕೆಟ್ ಆದರೆ ಗೊತ್ತಾಗುತ್ತದೆ. ದೊಡ್ಡ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರಿನ ಮೂಲ ಬದಲಾದರೆ ರುಚಿ ಬದಲಾಗುತ್ತದೆ, ಕುದುರೆಯ ಮೂಗು ಅದನ್ನು ಹಿಡಿಯುತ್ತದೆ. ಈಗ ನಾನು ಒಂದು ಡ್ರಮ್ ಬೋರ್‌ವೆಲ್ ನೀರು ಯಾವಾಗಲೂ ಎತ್ತಿಟ್ಟಿರುತ್ತೇನೆ, ಟ್ಯಾಂಕರ್ ಬಂದರೆ ಮೊದಲ ದಿನ ಕಾಲು ಪಾಲು, ಮರುದಿನ ಅರ್ಧ, ಹಾಗೆ ಬೆರೆಸುತ್ತೇನೆ. ಹುಲ್ಲನ್ನು ನೆನೆಸಿ ಕೊಡುತ್ತೇನೆ. ದಿನಕ್ಕೆ ಎರಡು ಚಮಚ ಉಪ್ಪು ಕಾಳಿನ ಜೊತೆ. ಡಿಸೆಂಬರ್, ಜನವರಿಯ ಚಳಿಯಲ್ಲೂ ಇದೇ ಎಚ್ಚರ ಬೇಕು, ತಣ್ಣೀರು ಅಂತ ಕುಡಿಯುವುದು ಕಡಿಮೆ ಮಾಡುತ್ತವೆ. ಸ್ವಲ್ಪ ಬೆಚ್ಚಗೆ ಮಾಡಿಕೊಟ್ಟರೆ ಕುಡಿಯುತ್ತವೆ.

ಮೇವಿನ ವಿಷಯಕ್ಕೆ ಬಂದರೆ, ಹುಲ್ಲೇ ಊಟ, ಕಾಳು ಪಲ್ಯದಷ್ಟು. ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಹುಲ್ಲು ಬೇಕು, ಗೌರಿಗೆ ಏಳರಿಂದ ಒಂಬತ್ತು ಕೆಜಿ. ಬಯಲಿನಲ್ಲಿ ಬಿಟ್ಟರೆ ಕುದುರೆ ದಿನಕ್ಕೆ 16 ಗಂಟೆ ಮೇಯುತ್ತದೆ. ನಾವು ನಮ್ಮ ಹಾಗೆ ಬೆಳಗ್ಗೆ ಒಂದು, ಸಂಜೆ ಒಂದು ಊಟ ಹಾಕುತ್ತೇವೆ. ಜಠರದಲ್ಲಿ ಆಮ್ಲ ಹೊತ್ತೂ ಗೊತ್ತೂ ಇಲ್ಲದೆ ಸುರಿಯುತ್ತಿರುತ್ತದೆ, ಅದನ್ನು ತಣಿಸುವ ಜೊಲ್ಲು ಅಗಿದಾಗ ಮಾತ್ರ ಬರುವುದು. ಆದ್ದರಿಂದ ಹುಲ್ಲನ್ನು ನಾಲ್ಕೈದು ಸಲ ಹಂಚಿ ಕೊಡಿ. ಗರಿಕೆ ಸಿಕ್ಕರೆ ಬಹಳ ಒಳ್ಳೆಯದು. ಕುದುರೆ ಮಸಾಲೆ ಸೊಪ್ಪು ಹೆಸರಿಗೆ ತಕ್ಕಂತೆ ಕುದುರೆಗೆ ಪ್ರಾಣ, ಆದರೆ ಮಳೆಯಲ್ಲಿ ನೆನೆದು ಬಿಸಿಯಾದ ಕಂತೆ ಹಾಕಬೇಡಿ. ಹುರುಳಿ ನಮ್ಮ ನಾಡಿನಲ್ಲಿ ಹಿಂದಿನಿಂದ ಕುದುರೆಗೆ ಹಾಕಿಕೊಂಡು ಬಂದದ್ದು. ನಾನೂ ಬೇಯಿಸಿ ಹಾಕುತ್ತೇನೆ. ಹುರುಳಿ, ಓಟ್ಸ್, ಬೂಸಾ ಏನೇ ಇರಲಿ, ಎಲ್ಲ ಸೇರಿ ಒಂದು ಹೊತ್ತಿಗೆ ಎರಡು ಕೆಜಿ ಮೀರದಿರಲಿ. ಹೆಚ್ಚಾದ ಕಾಳು ಅರಗದೆ ಹಿಂದಿನ ಕರುಳಿಗೆ ಹೋಗಿ ಹುಳಿಯುತ್ತದೆ, ಗಾಳಿಯಾಗುತ್ತದೆ, ಗೊರಸಿನ ಒಳಗೂ ಉರಿ ಹತ್ತಿ ಕುದುರೆ ಕುಂಟುತ್ತದೆ. ಮೇವು ಬದಲಿಸುವುದಿದ್ದರೆ ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಆ ಕರುಳಿನ ಸೂಕ್ಷ್ಮ ಜೀವಿಗಳಿಗೆ ಹೊಸ ಮೇವು ಒಗ್ಗಲು ಅಷ್ಟು ಹೊತ್ತು ಬೇಕು.

ನೆಲದ ಮೇಲೆ ಮೇವು ಹಾಕಿದರೆ ಕೆಂಪು ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಪಾರದರ್ಶಕ ಬಾಟಲಿಯ ಬಾಯಿ ಕತ್ತರಿಸಿ ಆರೇಳು ಲದ್ದಿ ಉಂಡೆ ಹಾಕಿ, ನೆಲಕ್ಕೆ ತಾಗದ ಮೇಲಿನ ಉಂಡೆಗಳನ್ನೇ ಆರಿಸಿ. ನೀರು ತುಂಬಿ ಚೆನ್ನಾಗಿ ಕದಡಿ ಕಾಲು ಗಂಟೆ ಬಿಡಿ. ಹುಲ್ಲು ತೇಲುತ್ತದೆ. ತಳದಲ್ಲಿ ಚಮಚದಷ್ಟು ಮರಳು ಕೂತಿದ್ದರೆ ಡಾಕ್ಟರಿಗೆ ತೋರಿಸಿ. ಮರಳು ಕೂರಲಿಲ್ಲ ಅಂದಮಾತ್ರಕ್ಕೆ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಹುಳುವಿನ ಔಷಧಿಯನ್ನೂ ಕಣ್ಣು ಮುಚ್ಚಿ ಕೊಡಬೇಡಿ, ಲದ್ದಿಯಲ್ಲಿ ಮೊಟ್ಟೆ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ.

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ.

ನನ್ನ ಸ್ನೇಹಿತೆಯೊಬ್ಬರ ಕುದುರೆ, 18 ವರ್ಷದ್ದು. ಅವರು ನಾನು ಮಾಡಿದ ತಪ್ಪು ಒಂದನ್ನೂ ಮಾಡಲಿಲ್ಲ. ನೀರು, ಹುಲ್ಲು, ಹಲ್ಲು ಎಲ್ಲ ಸರಿ. ಮೊದಲ ಸೂಚನೆ ಕಂಡ ಕಾಲು ಗಂಟೆಯೊಳಗೆ ಡಾಕ್ಟರಿಗೆ ಫೋನ್ ಮಾಡಿದ್ದರು. ನನಗೂ ಮಾಡಿದರು, ನಾನು ಹೋದೆ. ಕೊಳವೆ ಇಳಿಸಿದ ಕೂಡಲೇ ಹಸಿರು ನೀರು ಬಕೆಟ್‌ಗಟ್ಟಲೆ ಉಕ್ಕಿ ಬಂತು. ಎದೆ ಬಡಿತ 84. ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಗೆ ನೋವು ಮತ್ತೆ ಶುರು. ಡಾಕ್ಟರು ಅವರನ್ನು ಪಕ್ಕಕ್ಕೆ ಕರೆದು ಎರಡು ದಾರಿ ಹೇಳಿದರು: ಈಗಲೇ ಸಾಗಿಸಿ ಹೊಟ್ಟೆ ಕೊಯ್ಯುವುದು, ಇಲ್ಲವೇ ದಯಾಮರಣ. ವಯಸ್ಸು, ದೂರ, ಆಗಲೇ ಕಪ್ಪಿಟ್ಟಿದ್ದ ಒಸಡು. ಬೆಳಗಿನ ಜಾವ ಅವರು ಹಾಲ್ಟರ್ ಹಿಡಿದು, ಅದರ ಹಣೆಗೆ ಹಣೆ ಇಟ್ಟು ನಿಂತಿದ್ದರು. ಆಮೇಲೆ ಹೊಟ್ಟೆ ತೆರೆದು ನೋಡಿದಾಗ ಕಂಡದ್ದು ಒಂದು ಕೊಬ್ಬಿನ ಗಂಟು. ಅದರ ತೊಟ್ಟು ಸಣ್ಣ ಕರುಳಿಗೆ ಹಗ್ಗದಂತೆ ಸುತ್ತಿಕೊಂಡಿತ್ತು. ವಯಸ್ಸಾದ ಕುದುರೆಗಳಲ್ಲಿ ಹೀಗಾಗುತ್ತದೆ. ಯಾರೂ ತಡೆಯಲು ಆಗುತ್ತಿರಲಿಲ್ಲ.

"ನಾನು ಏನು ತಪ್ಪು ಮಾಡಿದೆ?" ಅಂತ ಅವರು ಬಹಳ ದಿನ ಕೇಳುತ್ತಿದ್ದರು. ಏನೂ ಇಲ್ಲ. ಎಲ್ಲ ಸರಿ ಮಾಡಿದರೂ ಕೆಲವು ಹೋಗುತ್ತವೆ. ಆದರೆ ಅವರ ಕುದುರೆ ನರಳಿದ್ದು ನಾಲ್ಕು ಗಂಟೆ. ತಡಮಾಡಿದ್ದರೆ ಒಂದು ದಿನ ನರಳುತ್ತಿತ್ತು.

ಆದ್ದರಿಂದ ಈ ವಾರವೇ, ಕುದುರೆ ಚೆನ್ನಾಗಿರುವಾಗಲೇ, ನಿಮ್ಮ ಡಾಕ್ಟರನ್ನು ಕೂರಿಸಿಕೊಂಡು ಕೇಳಿ: ಶಸ್ತ್ರಚಿಕಿತ್ಸೆ ಬೇಕಾದರೆ ಎಲ್ಲಿಗೆ ಒಯ್ಯಬೇಕು, ಎಷ್ಟು ಖರ್ಚು, ನನ್ನ ಕುದುರೆಯ ವಯಸ್ಸಿಗೆ ಅದು ಸರಿಯೇ. ಕುದುರೆ ಸಾಗಿಸುವ ಗಾಡಿಯವರ ಎರಡು ನಂಬರ್ ಇಟ್ಟುಕೊಳ್ಳಿ, ಒಂದು ಸಾಲುವುದಿಲ್ಲ. ನೀವು ಊರಲ್ಲಿ ಇಲ್ಲದಾಗ ನಿಮ್ಮ ಪರವಾಗಿ ಯಾರು ನಿರ್ಧಾರ ಹೇಳಬಹುದು ಅಂತ ಬರೆದು ಲಾಯದಲ್ಲಿ ಅಂಟಿಸಿ. ಕುದುರೆ ನೆಲದಲ್ಲಿ ಹೊರಳುತ್ತಿರುವಾಗ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಯಾರಿಂದಲೂ ಆಗುವುದಿಲ್ಲ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಕೊಡುತ್ತೇನೆ. "ಮಕ್ಕಳು ಬಂದು ಬ್ರೆಡ್ಡು, ಬಾಳೆಹಣ್ಣು, ಮದುವೆ ಮನೆಯ ಲಾಡು ತಿನ್ನಿಸುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ" ಅಂದರು ಒಬ್ಬರು. ನಾನು ಗೇಟಿನ ಹತ್ತಿರ ಒಂದು ಬುಟ್ಟಿ ಇಟ್ಟಿದ್ದೇನೆ, ತಂದದ್ದೆಲ್ಲ ಅದರಲ್ಲಿ ಹಾಕಿ ಅನ್ನುತ್ತೇನೆ. ಒಂದೆರಡು ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ ಮಗುವಿನ ಕೈಯಲ್ಲೇ ಕೊಡಿಸುತ್ತೇನೆ, ಉಳಿದದ್ದು ಗೌಡರ ಹಸುಗಳಿಗೆ ಹೋಗುತ್ತದೆ.

ಇನ್ನೊಬ್ಬ ಯುವಕ, ಕುದುರೆ ಕೊಂಡು ಮೂರು ವಾರವಷ್ಟೇ ಆಗಿದೆ, "ಮೇಡಂ, ಇಷ್ಟೆಲ್ಲ ಕೇಳಿದ ಮೇಲೆ ಭಯ ಆಗ್ತಿದೆ, ರಾತ್ರಿ ನಿದ್ದೆ ಬರುತ್ತಾ ನಿಮಗೆ?" ಅಂದ. ಬರುತ್ತದಪ್ಪ. ಹತ್ತೂವರೆಗೆ ಕೊನೆಯ ಸಲ ಹೋಗುತ್ತೇನೆ. ದೀಪ ಹಾಕದೆ ಒಂದು ನಿಮಿಷ ಹೊರಗೆ ನಿಂತು ಹುಲ್ಲು ಅಗಿಯುವ ಸದ್ದು ಕೇಳುತ್ತೇನೆ. ಆಮೇಲೆ ಒಳಗೆ ಹೋಗಿ ಬಕೆಟ್ ನೋಡುತ್ತೇನೆ, ಲದ್ದಿ ಎಣಿಸುತ್ತೇನೆ, ಸ್ಲೇಟಿನಲ್ಲಿ ಬರೆಯುತ್ತೇನೆ. ಮೂರೂ ಸರಿಯಿದ್ದರೆ ಮಲಗಿದ ತಕ್ಷಣ ನಿದ್ದೆ.

ಈಗ ಎಲ್ಲರೂ ಲಾಯದ ಕಡೆ ಬನ್ನಿ. ಸ್ಟೆತಸ್ಕೋಪ್ ಎರಡಿವೆ, ಮೂರು ಮೂರು ಜನ ಬಂದರೆ ಸಾಕು. ಗೌರಿಯ ಹಿಂದೆ ಯಾರೂ ನಿಲ್ಲಬೇಡಿ, ಚಾಚಾ ಹೇಳಿದ ಕಡೆ ನಿಲ್ಲಿ. ಬೆಳಗ್ಗೆ ಆರಕ್ಕೆ ನಾನು ಎಣಿಸಿದಾಗ ಅವಳ ಬಡಿತ 34 ಇತ್ತು, ನೀವು ಎಣಿಸಿ ಎಷ್ಟು ಬರುತ್ತದೆ ಅಂತ ಸ್ಲೇಟಿನಲ್ಲಿ ಬರೆಯಿರಿ. ಬಲಗಡೆಯ ಗುಳಿಯಿಂದ ಶುರುಮಾಡೋಣ. ಸದ್ದು ಬರುವವರೆಗೆ ಕೈ ತೆಗೆಯಬೇಡಿ.